ಅವರಿಗೆ ಇಪ್ಪತ್ತೈದು ವರ್ಷದ ರೇಟು, ನಮಗೆ ಇವತ್ತಿನ ರೇಟು

ಈಗೀಗ ಎಲ್ಲ ಕಂಪನಿಗಳೂ ಹಸಿರಾಗುತ್ತಿವೆ. ವಾರ್ಷಿಕ ವರದಿ ತೆರೆದರೆ ಮೊದಲ ಪುಟದಲ್ಲಿ ಗಾಳಿಯಂತ್ರ, ಎರಡನೇ ಪುಟದಲ್ಲಿ ಸೋಲಾರ್ ಫಲಕ, ಮೂರನೇ ಪುಟದಲ್ಲಿ ತಲೆಗೆ ಟವೆಲ್ ಸುತ್ತಿಕೊಂಡು ನಗುತ್ತಿರುವ ಒಬ್ಬ ರೈತ. ಮೊದಲೆರಡು ಪುಟಗಳ ಬಗ್ಗೆ ನನ್ನ ಜಗಳ ಕಡಿಮೆ. ಆ ಮೂರನೇ ಪುಟದ ರೈತನ ಬಗ್ಗೆ ಮಾತ್ರ ಒಂದು ತಕರಾರಿದೆ. ತುಂಬಾ ದಿನದಿಂದ ತಲೆಯಲ್ಲಿ ಕೊರೆಯುತ್ತಿತ್ತು, ಇವತ್ತು ಬರೆದೇಬಿಡೋಣ ಅಂತ ಕೂತೆ. ಸ್ವಲ್ಪ ಉದ್ದವಾಗುತ್ತೆ, ಸಹಿಸಿಕೊಳ್ಳಿ.

ನಮ್ಮದು ಪಿರಿಯಾಪಟ್ಟಣ ತಾಲೂಕು. ಮನೆಯಲ್ಲಿ ಹೊಗೆಸೊಪ್ಪು ಬೆಳೆಯುತ್ತೇವೆ. ಅಂದರೆ ಅಣ್ಣ ಬೆಳೆಯುತ್ತಾನೆ, ನಾನು ಮೈಸೂರಿನ ಒಂದು ಕಂಪನಿಯಲ್ಲಿ ಲೆಕ್ಕ ಬರೆಯುತ್ತೇನೆ. ಹಾಗಾಗಿ ಎರಡು ಬಗೆಯ ಲೆಕ್ಕ ನನ್ನ ಕಣ್ಣಿಗೆ ಬೀಳುತ್ತದೆ. ಕಂಪನಿ ಕರೆಂಟು ಕೊಳ್ಳುವ ಲೆಕ್ಕ ಒಂದು, ಅಣ್ಣ ಬ್ಯಾರನ್ನಿಗೆ ಸೌದೆ ಕೊಳ್ಳುವ ಲೆಕ್ಕ ಇನ್ನೊಂದು. ಎರಡೂ ಇಂಧನದ ಲೆಕ್ಕವೇ. ಆದರೆ ಒಂದು ಲೆಕ್ಕದಲ್ಲಿರುವ ನೆಮ್ಮದಿ ಇನ್ನೊಂದರಲ್ಲಿ ಯಾಕಿಲ್ಲ ಅನ್ನುವುದೇ ನನ್ನ ಪ್ರಶ್ನೆ.

ಮೊದಲು ಕಂಪನಿಗಳ ಲೆಕ್ಕ ನೋಡೋಣ. "ಹಸಿರು" ಅನ್ನುವ ಪದವನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ದೊಡ್ಡ ಕಂಪನಿಗಳು ಗಾಳಿ, ಬಿಸಿಲಿನ ಕರೆಂಟನ್ನು ಯಾಕೆ ಕೊಳ್ಳುತ್ತವೆ? ಭೂಮಿತಾಯಿಯ ಮೇಲಿನ ಪ್ರೀತಿ ಇರಬಹುದು, ಬೇಡ ಅನ್ನಲ್ಲ. ಆದರೆ ಲೆಕ್ಕದ ಕೋಣೆಯಲ್ಲಿ ಕೂತವರಿಗೆ ಗೊತ್ತಿರುವ ಕಾರಣ ಬೇರೆ. ಅದು ದರದ ಭಯ.

ಕರೆಂಟಿಗೂ ಸಂತೆ ಇದೆ ಸ್ವಾಮಿ. ನಮ್ಮ ದೇಶದಲ್ಲಿ 2008ರಿಂದ ವಿದ್ಯುತ್ ವಿನಿಮಯ ಕೇಂದ್ರಗಳು ನಡೆಯುತ್ತಿವೆ, ಶೇರು ಪೇಟೆಯ ಹಾಗೆ. 2020ರಲ್ಲಿ ಲಾಕ್‌ಡೌನ್ ಆಗಿ ಫ್ಯಾಕ್ಟ್ರಿಗಳು ಮುಚ್ಚಿದಾಗ ಅಲ್ಲಿ ದರ ನೆಲ ಕಚ್ಚಿತು. 2022ರ ಮಾರ್ಚ್ ಕೊನೆಗೆ ಬೇಸಿಗೆ, ಕಲ್ಲಿದ್ದಲಿನ ಕೊರತೆ, ಉಕ್ರೇನ್ ಯುದ್ಧ ಎಲ್ಲ ಸೇರಿ ಯೂನಿಟ್ಟಿಗೆ 20 ರೂಪಾಯಿ ಮುಟ್ಟಿತು. ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ ಮಧ್ಯೆ ಬಂದು ಏಪ್ರಿಲ್‌ನಲ್ಲಿ 12 ರೂಪಾಯಿಯ ಮಿತಿ ಹಾಕಿತು, ಮರುವರ್ಷ ಅದನ್ನು 10ಕ್ಕೆ ಇಳಿಸಿತು. ಇನ್ನು 2025ರ ಮೇ ತಿಂಗಳಲ್ಲಿ ಒಂದು ಭಾನುವಾರ ಬೆಳಗಿನ ಹೊತ್ತು, ಬಿಸಿಲಿನ ಕರೆಂಟು ಜಾಸ್ತಿ, ಕೊಳ್ಳುವವರು ಕಮ್ಮಿ ಆಗಿ ತತ್‌ಕ್ಷಣದ ಮಾರುಕಟ್ಟೆಯ ದರ ಸೊನ್ನೆಗೇ ಇಳಿಯಿತು! ಇಪ್ಪತ್ತು ರೂಪಾಯಿಯ ಮಾಲು ಮೂರೇ ವರ್ಷದಲ್ಲಿ ಸೊನ್ನೆ. ಇಂಥ ಸಂತೆಯನ್ನು ನಂಬಿ ಯಾವ ಫ್ಯಾಕ್ಟ್ರಿ ನಡೆಯುತ್ತೆ?

ಅದಕ್ಕೇ ದೊಡ್ಡವರು ಸಂತೆಗೆ ಹೋಗುವುದನ್ನು ಕಮ್ಮಿ ಮಾಡುತ್ತಾರೆ. ಗಾಳಿಗೂ ಬಿಸಿಲಿಗೂ ಕಲ್ಲಿದ್ದಲಿನ ಹಾಗೆ ದಿನದ ದರವಿಲ್ಲ. ಒಮ್ಮೆ ಯಂತ್ರ ನಿಲ್ಲಿಸಲು ಹಾಕಿದ ಬಂಡವಾಳವೇ ಮುಖ್ಯ ಖರ್ಚು. ಆದ್ದರಿಂದ ಅದನ್ನು ಕಟ್ಟುವವನು ಹತ್ತು, ಹದಿನೈದು, ಇಪ್ಪತ್ತೈದು ವರ್ಷಕ್ಕೆ ಒಂದೇ ರೇಟು ಬರೆದುಕೊಡಬಲ್ಲ. ಕೊಳ್ಳುವವನೂ ಸಹಿ ಹಾಕಿ ನಿಶ್ಚಿಂತೆಯಾಗಿ ಮಲಗಬಲ್ಲ. ಈ ಒಪ್ಪಂದ ತೋರಿಸಿದರೆ ಬ್ಯಾಂಕೂ ಸಾಲ ಕೊಡುತ್ತೆ. ಅಲ್ಲಿಗೆ ಮೂವರಿಗೂ ಒಳ್ಳೆಯದು.

ಇದಕ್ಕೆ ಕಾನೂನಿನ ದಾರಿಯೂ ಸಲೀಸಾಗಿದೆ. 2003ರ ವಿದ್ಯುತ್ ಕಾಯ್ದೆ ದೊಡ್ಡ ಗ್ರಾಹಕರಿಗೆ ಮುಕ್ತ ಪ್ರವೇಶ ಕೊಟ್ಟಿತು. ಅಂದರೆ ಸೆಸ್ಕ್, ಬೆಸ್ಕಾಂ ಬಿಟ್ಟು ಬೇರೆಯವರಿಂದ ಕರೆಂಟು ಕೊಂಡು ಅವರ ತಂತಿಯಲ್ಲೇ ತರಿಸಿಕೊಳ್ಳಬಹುದು. 2022ರ ಹಸಿರು ಮುಕ್ತ ಪ್ರವೇಶ ನಿಯಮ 1 ಮೆಗಾವ್ಯಾಟ್ ಬದಲು 100 ಕಿಲೋವ್ಯಾಟ್ ಬೇಡಿಕೆ ಇದ್ದರೂ ಸಾಕು ಅಂದಿತು. ಇನ್ನೊಂದು ದಾರಿ, ಗುಂಪಾಗಿ ಸ್ವಂತ ಘಟಕ ಮಾಡುವುದು. ಘಟಕದಲ್ಲಿ ಬಳಕೆದಾರರ ಪಾಲು ಶೇ. 26 ಇದ್ದು, ಉತ್ಪಾದನೆಯ ಶೇ. 51ನ್ನು ಅವರೇ ಬಳಸಿದರೆ ಅದು "ಸ್ವಂತ" ಕರೆಂಟು. ಸ್ವಂತದ್ದಾದರೆ ಅಡ್ಡ ಸಹಾಯಧನದ ಸರ್‌ಚಾರ್ಜ್ ಇಲ್ಲ. ಈ ಸರ್‌ಚಾರ್ಜ್ ಏನು ಅಂತ ಕೇಳಿದಿರಾ? ಫ್ಯಾಕ್ಟ್ರಿಗಳಿಂದ ಸ್ವಲ್ಪ ಜಾಸ್ತಿ ವಸೂಲಿ ಮಾಡಿ ಹಳ್ಳಿ ಮನೆಗೆ, ಪಂಪ್‌ಸೆಟ್ಟಿಗೆ ಕಮ್ಮಿ ರೇಟಲ್ಲಿ ಕೊಡುವ ಹಳೆಯ ವ್ಯವಸ್ಥೆ ಇದೆಯಲ್ಲ, ಅದನ್ನು ಬಿಟ್ಟು ಹೋಗುವವರು ಕಟ್ಟಬೇಕಾದ ತೆರ. ಕರ್ನಾಟಕದಲ್ಲಂತೂ 2018ರ ಮಾರ್ಚ್ ಒಳಗೆ ಶುರುವಾದ ಸೋಲಾರ್ ಘಟಕಗಳಿಗೆ ಹತ್ತು ವರ್ಷ ಈ ತೆರವೂ ಇಲ್ಲ, ತಂತಿ ಬಾಡಿಗೆಯೂ ಇಲ್ಲ ಅಂತ ನಿಯಂತ್ರಣ ಆಯೋಗವೇ 2014ರಲ್ಲಿ ಆದೇಶ ಮಾಡಿತ್ತು.

ಇದರ ಮೇಲೆ "ಬ್ಯಾಂಕಿಂಗ್" ಅಂತ ಇನ್ನೊಂದು ಸೌಲಭ್ಯ. ಆಷಾಢದ ಗಾಳಿಗೆ ಚಿತ್ರದುರ್ಗ, ಗದಗದ ಗುಡ್ಡಗಳಲ್ಲಿ ರೆಕ್ಕೆಗಳು ಭರ್ರೋ ಅಂತ ತಿರುಗುತ್ತವೆ. ಅಷ್ಟು ಕರೆಂಟು ಆಗಲೇ ಬೇಕಾಗಿರಲ್ಲ. ಹೆಚ್ಚಾದದ್ದನ್ನು ಸರ್ಕಾರಿ ಕಂಪನಿಯ ಖಾತೆಗೆ ಹಾಕಿ, ಆಮೇಲೆ ಬೇಕಾದಾಗ ವಾಪಸ್ ತಗೊಳ್ಳಬಹುದು. ಈ ಅವಕಾಶ ಹಿಂದೆ ಧಾರಾಳವಾಗಿತ್ತು, 2022ರ ನಿಯಮ ಅದನ್ನು ತಿಂಗಳ ಲೆಕ್ಕಕ್ಕೆ ಬಿಗಿ ಮಾಡಿತು. ಆದರೂ ಸೌಲಭ್ಯ ಸೌಲಭ್ಯವೇ.

ಇದು ಬೆಂಗಳೂರಿನ ಹೊಸ ಫ್ಯಾಷನ್ ಅಂತ ತಿಳಿಯಬೇಡಿ. ನಮ್ಮ ನೆರೆಯ ಹಳೆ ಕೆ.ಆರ್. ನಗರ ತಾಲೂಕಿನ ಚುಂಚನಕಟ್ಟೆಗೆ ಹೋಗಿ. ಕಾವೇರಿ ಧುಮುಕುವ ಜಾಗದಲ್ಲಿ 18 ಮೆಗಾವ್ಯಾಟಿನ ಜಲವಿದ್ಯುತ್ ಘಟಕ ಕಟ್ಟಿಕೊಂಡದ್ದು ಗ್ರಾಫೈಟ್ ಇಂಡಿಯಾ ಕಂಪನಿ. ಉಕ್ಕಿನ ಕುಲುಮೆಗೆ ಬೇಕಾದ ಗ್ರಾಫೈಟ್ ದಂಡಗಳನ್ನು ಮಾಡುವವರು ಅವರು. ಇಂಗಾಲವನ್ನು ಸುಮಾರು 3000 ಡಿಗ್ರಿಗೆ ಕಾಯಿಸುವ ಕೆಲಸ, ಅದೂ ಕರೆಂಟಿನಿಂದ. ಅಂಥವರಿಗೆ ಕರೆಂಟಿನ ದರವೇ ಜೀವ. ನದಿಯನ್ನೇ ಹುಡುಕಿಕೊಂಡು ಬಂದದ್ದು ಜಾಣತನ, ತಪ್ಪೇನಿಲ್ಲ. ಆದರೆ ಅದೇ ಕಂಪನಿಯ ವೈಟ್‌ಫೀಲ್ಡ್ ಕಾರ್ಖಾನೆಯ ಕಪ್ಪು ಧೂಳಿನ ಬಗ್ಗೆ ಅಲ್ಲಿನ ಜನ ವರ್ಷಗಟ್ಟಲೆ ದೂರಿದರು, ಕೇಸು ಸುಪ್ರೀಂ ಕೋರ್ಟಿನ ತನಕ ಹೋಯಿತು, ಕೊನೆಗೆ 2019ರ ಜುಲೈನಲ್ಲಿ ಆ ಕಾರ್ಖಾನೆಯನ್ನೇ ಮುಚ್ಚುವುದಾಗಿ ಕಂಪನಿ ಹೇಳಿತು. ಕರೆಂಟಿನ ಮೂಲ ಹಸಿರಾದ ಮಾತ್ರಕ್ಕೆ ಚಿಮಣಿಯ ಹೊಗೆ ಬಿಳಿಯಾಗುವುದಿಲ್ಲ ಅನ್ನುವುದಕ್ಕೆ ಇದೊಂದು ಉದಾಹರಣೆ ಸಾಕು. ಎಚ್.ಡಿ. ಕೋಟೆಯ ಬೀಚನಹಳ್ಳಿಯಲ್ಲಿ ಕಬಿನಿ ಅಣೆಕಟ್ಟಿನ ಬುಡದಲ್ಲೂ ಖಾಸಗಿಯವರ 20 ಮೆಗಾವ್ಯಾಟ್ ಘಟಕವಿದೆ. ಹೀಗೆ ನಮ್ಮ ಸೀಮೆಯ ನೀರು ಹಸಿರು ಕರೆಂಟಾಗಿ ಹೋಗುವುದು ನಮಗೆ ಹಳೆಯ ಸಂಗತಿ.

ಈಗ ಇನ್ನೊಂದು ಲೆಕ್ಕಕ್ಕೆ ಬರೋಣ.

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರ ಅಂದರೆ ವರ್ಜೀನಿಯಾ ತಂಬಾಕಿನ ಸೀಮೆ. ಮೇ, ಜೂನ್‌ನಲ್ಲಿ ನಾಟಿ. ಜುಲೈಯಿಂದ ಎಲೆ ಮುರಿದು, ಕೋಲಿಗೆ ಕಟ್ಟಿ, ಬ್ಯಾರನ್ನಿನೊಳಗೆ ಸಾಲಾಗಿ ಏರಿಸಿ ಬೆಂಕಿ ಹಾಕುತ್ತಾರೆ. ಒಂದು ಬ್ಯಾರನ್ ಇಳಿಸಲು ಐದಾರು ದಿನ ಬೇಕು. ಮೊದಲು ಎಲೆ ಹಳದಿಯಾಗಬೇಕು, ಆಮೇಲೆ ಹಾಳೆ ಒಣಗಬೇಕು, ಕೊನೆಗೆ ನಡುಗಡ್ಡಿ. ಕೊನೆಯ ಹಂತದಲ್ಲಿ ಒಳಗೆ 70 ಡಿಗ್ರಿಯ ಹತ್ತಿರ ಶಾಖ. ರಾತ್ರಿ ಯಾರಾದರೂ ಒಬ್ಬರು ಒಲೆಯ ಬಾಯಲ್ಲಿ ಕೂರಲೇಬೇಕು. ತೂಕಡಿಸಿದರೆ ಬಣ್ಣ ಹೋಯಿತು, ಬಣ್ಣ ಹೋದರೆ ರೇಟು ಹೋಯಿತು.

ಒಂದು ಕಿಲೋ ಹದವಾದ ಎಲೆಗೆ ಸುಮಾರು 4ರಿಂದ 5 ಕಿಲೋ ಸೌದೆ ಬೇಕು. ಒಂದು ಬ್ಯಾರನ್ನಿಗೆ ವರ್ಷಕ್ಕೆ 1500 ಕಿಲೋ ಎಲೆ ಅಂತ ಇಟ್ಟುಕೊಳ್ಳಿ, 6ರಿಂದ 7.5 ಟನ್ ಸೌದೆ ಆಯಿತು. ನಾಲ್ಕು ತಾಲೂಕಿನ ಬ್ಯಾರನ್ನುಗಳನ್ನೆಲ್ಲ ನೆನೆಸಿಕೊಂಡು ನೀವೇ ಗುಣಿಸಿ. ಊರ ಬದುವಿನ ಹುಣಸೆ, ಹೊಂಗೆ, ಮಾವು ಯಾವಾಗಲೋ ಒಲೆ ಸೇರಿವೆ. ಈಗ ನೀಲಗಿರಿ, ಸಿಲ್ವರ್ ಓಕ್, ಕೆಲವರಿಗೆ ಕೊಡಗಿನ ಕಾಫಿ ಹೊಟ್ಟು.

ಸೌದೆಯನ್ನು ಬೇಸಿಗೆಯಲ್ಲೇ ಕೊಂಡು ಒಟ್ಟಬೇಕು. ಮಳೆ ಹಿಡಿದ ಮೇಲೆ ಹಸಿ ಸೌದೆ ಉರಿಯಲ್ಲ, ಒಣಸೌದೆ ಸಿಗಲ್ಲ. ಅಂದರೆ ಏಪ್ರಿಲ್‌ನಲ್ಲಿ ಸಾಲ ಮಾಡಿ ದುಡ್ಡು ಸುರಿದಾಯಿತು. ಅದು ವಾಪಸ್ ಬರುವುದು ಯಾವಾಗ? ಹರಾಜು ಶುರುವಾಗುವುದು ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ. ಕಂಪಲಾಪುರ, ಚಿಲ್ಕುಂದ, ಕಟ್ಟೆಮಳಲವಾಡಿ, ಕೋಟೆ, ಪಿರಿಯಾಪಟ್ಟಣದ ಹರಾಜು ಕಟ್ಟೆಗೆ ಬೇಲು ಹೊತ್ತು ಹೋಗಬೇಕು. ಅವತ್ತು ಕೂಗಿದ್ದೇ ರೇಟು. ನಿನ್ನೆಯದು ನಿನ್ನೆಗೆ, ನಾಳೆಯದು ದೇವರಿಗೆ. ಒಪ್ಪಿಗೆ ಆಗದಿದ್ದರೆ ಬೇಲನ್ನು ವಾಪಸ್ ತರಬಹುದು, ಆ ಸ್ವಾತಂತ್ರ್ಯ ಇದೆ. ಆದರೆ ಗಾಡಿ ಬಾಡಿಗೆ ನಿಮ್ಮದು, ಬಡ್ಡಿ ನಿಮ್ಮದು, ಮನೆಯಲ್ಲಿ ಇಟ್ಟಷ್ಟೂ ಇಳಿಯುವ ತೂಕ, ಬಣ್ಣವೂ ನಿಮ್ಮದೇ.

ಗಮನಿಸಿದಿರಾ? ಗಾಳಿಯನ್ನು ಬ್ಯಾಂಕಿನಲ್ಲಿಡಬಹುದು, ಎಲೆಯನ್ನು ಇಡಲಾಗದು! ಒಂದೇ ಆಷಾಢದಲ್ಲಿ ಅಲ್ಲಿ ರೆಕ್ಕೆ ತಿರುಗುತ್ತದೆ, ಇಲ್ಲಿ ಒಲೆ ಉರಿಯುತ್ತದೆ. ಅಲ್ಲಿಯ ಯೂನಿಟ್ಟಿಗೆ ಮೊದಲೇ ಬರೆದಿಟ್ಟ ಬೆಲೆ, ಇಲ್ಲಿಯ ಕಿಲೋಗೆ ಹಣೆಬರಹದ ಬೆಲೆ.

2014-15ರ ಹಂಗಾಮಿನಲ್ಲಿ ದರ ಕುಸಿದಾಗ ಹರಾಜು ಕಟ್ಟೆಗಳ ಮುಂದೆ ಧರಣಿ ನಡೆದದ್ದು, ಸಾಲ ತೀರಿಸಲಾಗದೆ ಈ ಸೀಮೆಯ ರೈತರು ಜೀವ ಕಳೆದುಕೊಂಡದ್ದು ಪತ್ರಿಕೆ ಓದುವ ಎಲ್ಲರಿಗೂ ನೆನಪಿರಬೇಕು. ಆಮೇಲೆ ದರ ಏರಿದ ವರ್ಷಗಳೂ ಬಂದವು. ಏರಿದ ವರ್ಷ ಎಲ್ಲರೂ ಹೊಸ ಬೈಕು ತಗೊಂಡರು ಅನ್ನೋದೂ ನಿಜ. ಆದರೆ ಏರುತ್ತೋ ಇಳಿಯುತ್ತೋ ಅಂತ ಏಪ್ರಿಲ್‌ನಲ್ಲಿ ಸೌದೆ ಒಟ್ಟುವವನಿಗೆ ಯಾರೂ ಹೇಳಲ್ಲ. ನನ್ನ ಜಗಳ ಇರುವುದು ಅಲ್ಲಿ.

ಈಗ ಈ ಎರಡು ಲೆಕ್ಕ ಒಂದೇ ಪುಸ್ತಕದಲ್ಲಿ ಸೇರುವ ಜಾಗ ತೋರಿಸುತ್ತೇನೆ. ಹರಾಜು ಕಟ್ಟೆಯಲ್ಲಿ ಎಲೆ ಕೊಳ್ಳುವವರಲ್ಲಿ ದೇಶದ ದೊಡ್ಡ ಕಂಪನಿಗಳಿವೆ, ವಿದೇಶದ ಸಿಗರೇಟು ಕಂಪನಿಗಳಿಗೆ ಕಳಿಸುವ ರಫ್ತುದಾರರಿದ್ದಾರೆ. ಇವರಲ್ಲಿ ದೊಡ್ಡವರೆಲ್ಲ ಹಸಿರು ಇಂಧನದ ಗುರಿ ಹಾಕಿಕೊಂಡವರೇ. ಐಟಿಸಿ ತನ್ನ ಒಟ್ಟು ಇಂಧನದಲ್ಲಿ ಶೇ. 40ಕ್ಕಿಂತ ಹೆಚ್ಚು ನವೀಕರಿಸಬಹುದಾದ ಮೂಲದ್ದು ಅಂತ ಹಲವು ವರ್ಷಗಳಿಂದ ಹೇಳುತ್ತಾ ಬಂದಿದೆ. ಸ್ವಂತ ಗಾಳಿಯಂತ್ರಗಳೂ ಇವೆ. ಸುಳ್ಳು ಅನ್ನುತ್ತಿಲ್ಲ, ಒಳ್ಳೆಯದೇ.

ಆದರೆ ಇಂಗಾಲದ ಲೆಕ್ಕದಲ್ಲಿ ಮೂರು ಕಟ್ಟುಗಳಿವೆ. ಫ್ಯಾಕ್ಟ್ರಿಯೊಳಗೆ ಉರಿಸಿದ್ದು ಒಂದನೆಯದು. ಕೊಂಡ ಕರೆಂಟಿನದು ಎರಡನೆಯದು. ಕಚ್ಚಾಮಾಲು ಬೆಳೆದು ತರುವ ತನಕ ಆದದ್ದೆಲ್ಲ ಮೂರನೆಯದು. ನಮ್ಮ ಬ್ಯಾರನ್ನಿನ ಹೊಗೆ ಈ ಮೂರನೇ ಕಟ್ಟಿನಲ್ಲಿ. ಷೇರುಪೇಟೆಯ ಮೇಲಿನ 1000 ಕಂಪನಿಗಳು 2022-23ರಿಂದ ಪರಿಸರದ ವರದಿಯನ್ನು ಕಡ್ಡಾಯವಾಗಿ ಕೊಡಬೇಕೆಂದು ಸೆಬಿ ಹೇಳಿತು. ಆದರೆ ಆ ನಮೂನೆಯಲ್ಲಿ ಈ ಮೂರನೇ ಕಟ್ಟನ್ನು ಐಚ್ಛಿಕವಾಗಿ ಇಟ್ಟಿತು. ಇಷ್ಟವಿದ್ದರೆ ಬರೆಯಿರಿ ಅಂತ! ಸಾಲದ್ದಕ್ಕೆ ಸೌದೆಯೂ ಪುಸ್ತಕದ ಪ್ರಕಾರ "ನವೀಕರಿಸಬಹುದಾದ" ಇಂಧನವೇ. ಮರ ಮತ್ತೆ ಬೆಳೆಯುತ್ತದಲ್ಲ, ಅದಕ್ಕೆ. ಆ ಲೆಕ್ಕದಲ್ಲಿ ನಮ್ಮಜ್ಜನ ಕಾಲದಿಂದ ನಮ್ಮ ಮನೆ ನೂರಕ್ಕೆ ನೂರು ಹಸಿರು. ಆದರೂ ಒಂದು ಪ್ರಮಾಣಪತ್ರ ಯಾರೂ ಕೊಡಲಿಲ್ಲ ನೋಡಿ.

ಚುಂಚನಕಟ್ಟೆಯ ಕೋದಂಡರಾಮನ ಗುಡಿಯ ಬಗ್ಗೆ ಒಂದು ಪ್ರತೀತಿ ಇದೆ. ಹೊರಗೆ ಜಲಪಾತ ಎಷ್ಟೇ ಬೋರ್ಗರೆದರೂ ಗರ್ಭಗುಡಿಯೊಳಗೆ ಸದ್ದು ಕೇಳಿಸುವುದಿಲ್ಲವಂತೆ. ಈ ವಾರ್ಷಿಕ ವರದಿಗಳನ್ನು ಓದುವಾಗೆಲ್ಲ ನನಗೆ ಆ ಗರ್ಭಗುಡಿ ನೆನಪಾಗುತ್ತೆ.

ಇಷ್ಟು ಹೇಳಿದರೆ ಬರುವ ಆಕ್ಷೇಪಣೆಗಳು ನನಗೆ ಗೊತ್ತು. ಒಂದೊಂದಾಗಿ ನೋಡೋಣ.

"ತಂಬಾಕು ವಿಷ, ಅದನ್ನು ಬೆಳೆಯುವುದೇ ತಪ್ಪು, ಅದಕ್ಕೆ ಸ್ಥಿರ ದರ ಬೇರೆ ಕೇಡು." ವಿಷ ಹೌದು. ನಮ್ಮ ಮನೆಯಲ್ಲಿ ಯಾರೂ ಸೇದಲ್ಲ. ಆದರೆ ವಿಷದ ಲಾಭಕ್ಕೆ ಸ್ಥಿರ ದರದ ಕರೆಂಟು ಸಲ್ಲುತ್ತದಾದರೆ ಅದರ ಕೂಲಿಗೆ ಯಾಕೆ ಸಲ್ಲದು? ಬಿಡಿಸಬೇಕಾದರೆ ಮೊದಲು ಕಾಲೂರಲು ನೆಲ ಕೊಡಿ. ದರ ಯಾವಾಗ ಬೀಳುತ್ತೋ ಗೊತ್ತಿಲ್ಲದವನು ಸಾಲದಲ್ಲಿರುತ್ತಾನೆ, ಸಾಲದಲ್ಲಿರುವವನು ಮತ್ತೆ ಅದೇ ಬೆಳೆ ಇಡುತ್ತಾನೆ.

"ಹರಾಜು ಇರುವುದೇ ರೈತನ ಒಳ್ಳೆಯದಕ್ಕೆ." ಒಪ್ಪಿದೆ. 1984ರಲ್ಲಿ ತಂಬಾಕು ಮಂಡಳಿ ಕರ್ನಾಟಕದಲ್ಲಿ ಹರಾಜು ತರುವ ಮುಂಚೆ ವ್ಯಾಪಾರಿ ಹೇಳಿದ್ದೇ ಬೆಲೆ, ಕೊಟ್ಟಾಗಲೇ ದುಡ್ಡು ಅಂತ ಹಿರಿಯರು ಹೇಳುತ್ತಾರೆ. ಹರಾಜು ಇರಲಿ. ನಾನು ಕೇಳುತ್ತಿರುವುದು ಅದರ ಅಡಿಗೆ ಒಂದು ನೆಲಗಟ್ಟು. ಮೇಲೆ ಎಷ್ಟಾದರೂ ಕೂಗಿ, ಇದಕ್ಕಿಂತ ಕೆಳಗಿಲ್ಲ ಅನ್ನುವ ಮಾತನ್ನು ನಾಟಿಗೆ ಮುಂಚೆ ಹೇಳಿ.

"ರೈತರೂ ಸೋಲಾರ್ ಹಾಕಿ ಕರೆಂಟು ಮಾರಲಿ." ಇದನ್ನೂ ನೋಡಿ ಆಯಿತು. ಸ್ವಂತ ಜಮೀನಿದ್ದ ರೈತರು 1ರಿಂದ 3 ಮೆಗಾವ್ಯಾಟ್ ಸೋಲಾರ್ ಹಾಕಲಿ ಅಂತ 2014ರ ನೀತಿಯಡಿ ಯೋಜನೆ ಬಂತು, ಯೂನಿಟ್ಟಿಗೆ 8.40 ರೂಪಾಯಿಯ ಒಪ್ಪಂದವೂ ಆಯಿತು. ಭೂಪರಿವರ್ತನೆ, ಲೈನು ಅಂತ ಹಲವರ ಘಟಕ ಗಡುವು ಮೀರಿತು. ಮೀರಿದ್ದೇ ತಡ, ಅಂಥವರ ದರ ಕಡಿತಕ್ಕೆ ಬಂತು. ಕೆಲವರದು 4.36ಕ್ಕೂ ಇಳಿಯಿತು, ಕೇಸುಗಳು ವರ್ಷಗಟ್ಟಲೆ ನಡೆದವು. ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2050 ಮೆಗಾವ್ಯಾಟಿನ ಪಾರ್ಕು ಎದ್ದಾಗ ರೈತರಿಗೆ ಸಿಕ್ಕಿದ್ದು ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಬರದ ನಾಡಿನಲ್ಲಿ ಅದೂ ದೊಡ್ಡದೇ. ನೋಡಿ, ಅಲ್ಲಿ ರೈತ ಒಪ್ಪಿದ್ದು ಯಾಕೆ? ಮೊತ್ತ ದೊಡ್ಡದು ಅಂತಲ್ಲ, ಮೊದಲೇ ಗೊತ್ತಿರುವ ಮೊತ್ತ ಅಂತ. ನಮ್ಮವರಿಗೂ ಬೇಕಾಗಿರುವುದು ಅದೇ.

"ಸಾವಿರಾರು ಸಣ್ಣ ರೈತರ ಜೊತೆ ಒಪ್ಪಂದ ಮಾಡಿಕೊಳ್ಳುವುದು ಆಗದ ಮಾತು." ಇದಂತೂ ಶುದ್ಧ ಸಬೂಬು. ಇನ್ಫೋಸಿಸ್ 2015ರಲ್ಲಿ ನೂರಕ್ಕೆ ನೂರು ಹಸಿರು ಕರೆಂಟಿನ ಅಂತರರಾಷ್ಟ್ರೀಯ ಕೂಟ ಸೇರಿದ ಮೊದಲ ಭಾರತೀಯ ಕಂಪನಿ. 2020ರಲ್ಲಿ ಇಂಗಾಲ ಸಮತೋಲ ಸಾಧಿಸಿದೆವು ಅಂತ ಹೇಳಿಕೊಂಡಿತು. ಆ ಲೆಕ್ಕ ಸರಿದೂಗಿಸಲು ಏನು ಮಾಡಿದರು? ಹಳ್ಳಿ ಮನೆಗಳಿಗೆ ಗೋಬರ್ ಗ್ಯಾಸು, ಸುಧಾರಿತ ಒಲೆ ಮಾಡಿಸುವ ಯೋಜನೆಗಳಿಗೆ ದುಡ್ಡು ಹಾಕಿದರು. ಒಂದೊಂದು ಅಡಿಗೆಮನೆಯ ಹೊಗೆಯನ್ನೂ ಲೆಕ್ಕ ಹಿಡಿದರು. ಅಡಿಗೆ ಒಲೆಯ ಲೆಕ್ಕ ಹಿಡಿಯಬಹುದಾದರೆ ಬ್ಯಾರನ್ನಿನ ಒಲೆಯದು ಇನ್ನೂ ಸುಲಭ. ಪ್ರತಿ ಬ್ಯಾರನ್ನಿಗೂ ಮಂಡಳಿಯ ಲೈಸೆನ್ಸು ಬೇಕು, ಪ್ರತಿ ಬೇಲಿಗೂ ನಂಬರಿದೆ, ಪ್ರತಿ ಕಿಲೋ ಕಂಪ್ಯೂಟರಿನಲ್ಲಿದೆ.

ಹಾಗಾದರೆ ಏನು ಮಾಡಬೇಕು ಅಂತೀರಾ? ನನ್ನ ಬೇಡಿಕೆ ಮೂರೇ.

ಒಂದು, ಎಲೆ ಕೊಳ್ಳುವ ದೊಡ್ಡ ಕಂಪನಿಗಳು ಏಪ್ರಿಲ್‌ಗೆ ಮುಂಚೆ, ಅಂದರೆ ಸೌದೆ ಕೊಳ್ಳುವ ಮುಂಚೆ, ಆ ವರ್ಷದ ಕನಿಷ್ಠ ದರ ಹೇಳಲಿ. ಅದರಲ್ಲಿ ಇಂಧನದ ಖರ್ಚು ಇಷ್ಟು ಅಂತ ಬೇರೆಯಾಗಿ ಕಾಣಲಿ. ಸೌದೆಯ ದರ ಏರಿದರೆ ಅದೂ ಏರಲಿ. ಕರೆಂಟಿನ ಒಪ್ಪಂದಗಳಲ್ಲಿ ಇಂಥ ಕಲಮುಗಳನ್ನು ಬರೆಯುವ ವಕೀಲರು ಅವರ ಬಳಿಯೇ ಇದ್ದಾರೆ.

ಎರಡು, ಹಸಿರು ಕರೆಂಟಿನ ಜೊತೆ ಹಸಿರು ಶಾಖವನ್ನೂ ಕೊಳ್ಳಲಿ. ಗೋಡೆ, ಮಾಡಿನಿಂದ ಶಾಖ ಸೋರದ ಹಾಗೆ ಬ್ಯಾರನ್ ಸುಧಾರಿಸಿದರೆ ಸೌದೆ ಉಳಿಯುತ್ತೆ ಅಂತ ಹುಣಸೂರಿನ ತಂಬಾಕು ಸಂಶೋಧನಾ ಕೇಂದ್ರದವರು ಹೇಳುತ್ತಲೇ ಬಂದಿದ್ದಾರೆ. ಕಾಫಿ ಹೊಟ್ಟು, ಭತ್ತದ ಹೊಟ್ಟಿನ ಇಟ್ಟಿಗೆ ಉರಿಸುವ ಒಲೆಗಳಿವೆ. ಬಂಡವಾಳ ರೈತನದಲ್ಲ. ಗಾಳಿಯಂತ್ರದವನಿಗೆ ಬರೆದುಕೊಟ್ಟ ಹಾಗೆ ಹತ್ತು ವರ್ಷದ ಒಪ್ಪಂದ ಬರೆದುಕೊಡಿ, ಆ ಕಾಗದ ತೋರಿಸಿದರೆ ರೈತನಿಗೂ ಬ್ಯಾಂಕು ಸಾಲ ಕೊಡುತ್ತೆ.

ಮೂರು, ಮೂರನೇ ಕಟ್ಟನ್ನು ಬಿಚ್ಚಿ. ಸೆಬಿ ಕಡ್ಡಾಯ ಮಾಡಲಿ ಅಂತ ಕಾಯಬೇಡಿ. ಎಷ್ಟು ಎಲೆ ಕೊಂಡಿರಿ, ಅದಕ್ಕೆ ಎಷ್ಟು ಸೌದೆ ಉರಿಯಿತು, ಆ ಸೌದೆ ಎಲ್ಲಿಂದ ಬಂತು, ಇಷ್ಟು ಬರೆಯಿರಿ ಸಾಕು. ಫೋಟೋ ಬೇಕಾದರೆ ನಾವೇ ತೆಗೆದು ಕೊಡುತ್ತೇವೆ. ರಾತ್ರಿ ಎರಡು ಗಂಟೆಗೆ ಒಲೆ ಮುಂದೆ ಕೂತವನ ಫೋಟೋ, ನಗುತ್ತಿರುವುದಲ್ಲ.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ದೊಡ್ಡ ಗ್ರಾಹಕರು ಒಬ್ಬೊಬ್ಬರಾಗಿ ಸರ್ಕಾರಿ ತಂತಿಯ ಅಂಗಡಿ ಬಿಟ್ಟು ಸ್ವಂತ ಹಸಿರು ಕರೆಂಟಿಗೆ ಹೋದರೆ ಸೆಸ್ಕ್ ಬಳಿ ಉಳಿಯುವವರು ಯಾರು? ಹಳ್ಳಿ ಮನೆ, ಸಣ್ಣ ಗಿರಣಿ, ಪಂಪ್‌ಸೆಟ್ಟು. ಹೋದವರು ಹೊರುತ್ತಿದ್ದ ಭಾರ ಅವರ ಬಿಲ್ಲಿಗೋ ಸರ್ಕಾರದ ಬೊಕ್ಕಸಕ್ಕೋ ಬಂದು ಬೀಳುತ್ತೆ. ಬೊಕ್ಕಸ ಅಂದರೂ ಮತ್ತೆ ನಾವೇ ಅಲ್ಲವೇ? ದರದ ಏರಿಳಿತ ಯಾವತ್ತೂ ಮಾಯವಾಗಲ್ಲ ಮಿತ್ರರೇ. ಒಬ್ಬರು ತಪ್ಪಿಸಿಕೊಂಡರೆ ಇನ್ನೊಬ್ಬರ ತಲೆ ಮೇಲೆ ಬರುತ್ತೆ, ಅಷ್ಟೇ. ತಪ್ಪಿಸಿಕೊಳ್ಳುವ ವಿದ್ಯೆ ಕಲಿತವರು ಅದನ್ನು ತಮಗೆ ಮಾಲು ಕೊಡುವವನಿಗೂ ಒಂಚೂರು ಕಲಿಸಲಿ ಅನ್ನುವುದು ದೊಡ್ಡ ಕ್ರಾಂತಿಯ ಮಾತೇನಲ್ಲ. ನಿಮ್ಮ ಕಡೆ ಕಬ್ಬು, ಹತ್ತಿ, ಮೆಣಸಿನಕಾಯಿ ಬೆಳೆಯುವವರ ಕಥೆ ಹೇಗಿದೆ? ನಿಮ್ಮ ಪುಟಗಳಲ್ಲೂ ಬರೆಯಿರಿ, ಓದೋಣ. ಒಪ್ಪದಿದ್ದರೆ ಜಗಳಕ್ಕೂ ಬನ್ನಿ, ಬಾಗಿಲು ತೆಗೆದೇ ಇದೆ.